ಹದಿನಾಲ್ಕು ಡಾಲರಿನ ಬೂಟು

"ಮೆಲ್ಚೋರ್, ನಿನ್ನ ಬೂಟಿಗೆ ಹಸಿವಾಗಿದೆ ಕಣಯ್ಯ. ಬಾಯಿ ಬಿಟ್ಕೊಂಡು ನನ್ನ ಬ್ರೆಡ್ಡನ್ನೇ ನೋಡ್ತಿದೆ. ಒಂದು ತುಂಡು ಹಾಕ್ಲಾ?"

ಹೀಗೆಂದವಳು ದೊನ್ಯ, ಅಂದರೆ ಅಮ್ಮಾವರು, ತರ್ಹೇಲಿಯ. ನಮ್ಮ ಗುಡ್ಡದ ನೂರಾ ಎಂಬತ್ತನೇ ಮೆಟ್ಟಿಲಿನಲ್ಲಿ ಕಿರಾಣಿ ಅಂಗಡಿ ಇಟ್ಟವಳು. ಗುಡ್ಡದ ಸಮಿತಿಗೂ ಅವಳೇ ಅಧ್ಯಕ್ಷೆ. ಕೇಳಿಸಿಕೊಂಡವರು ಬೆಳಗಿನ ಬ್ರೆಡ್ಡಿಗೆ ಸಾಲು ನಿಂತಿದ್ದ ಹನ್ನೊಂದು ಜನ, ಎರಡು ನಾಯಿ, ಮತ್ತು ಸಾಲಿನ ತುದಿಯಲ್ಲಿ ಚೀಲ ಹಿಡಿದು ನಿಂತಿದ್ದ ಮೆಲ್ಚೋರನ ಹೆಂಡತಿ ದಿಗ್ನ. ಹನ್ನೊಂದು ಜನ ನಕ್ಕರು. ನಾಯಿಗಳಲ್ಲೊಂದು ಬಂದು ಬೂಟನ್ನು ಮೂಸಿ, ಇದರಲ್ಲೇನೂ ಇಲ್ಲವೆಂದು ಹೋಯಿತು. ದಿಗ್ನ ನಗಲಿಲ್ಲ.

ಮೆಲ್ಚೋರ್ ಟೊಮಲಾ ಬಗ್ಗಿ ನೋಡಿದ. ಬಲಗಾಲಿನ ಅಟ್ಟೆ ಬೆರಳಿನಿಂದ ನಡುವಿನವರೆಗೆ ಕಿತ್ತು ಬಂದಿತ್ತು. ಕೊಂಡು ಆರು ವಾರ ಆಗಿತ್ತು. ಆ ವರ್ಷದ ಐದನೇ ಜೊತೆ ಅದು. ಬ್ರೆಡ್ಡಿನ ಪೊಟ್ಟಣದ ದಾರ ಬಿಚ್ಚಿ ಬೂಟಿಗೆ ಮೂರು ಸುತ್ತು ಬಿಗಿದು, ಅವನು ಕೆಲಸಕ್ಕೆ ಹೊರಟ.

ಅವನ ಕೆಲಸ ನೀರಿನ ಮೀಟರು ಓದುವುದು. ಗ್ವಯಾಕಿಲ್ ಊರಿನ ಉಳಿದ ಭಾಗದಲ್ಲಿ ಮೀಟರು ಓದುವವರು ಸೈಕಲ್ಲಿನ ಮೇಲೆ ಹೋಗುತ್ತಾರೆ, ನೆರಳಿನಲ್ಲಿ ಹೋಗುತ್ತಾರೆ. ನಮ್ಮ ಗುಡ್ಡದಲ್ಲಿ ನಾನೂರ ಅರವತ್ತು ಮೆಟ್ಟಿಲುಗಳಿವೆ. ಕಟ್ಟಿಸಿದವರು ಒಂದು ಮೆಟ್ಟಿಲನ್ನೂ ಇನ್ನೊಂದರ ಎತ್ತರಕ್ಕೆ ಕಟ್ಟಿಸಿಲ್ಲ. ನಲ್ಲಿಯಲ್ಲಿ ದಿನಕ್ಕೆ ಎರಡು ಗಂಟೆ ನೀರು ಬರುತ್ತದೆ. ಉಳಿದ ಹೊತ್ತು ಗಾಳಿ ಬರುತ್ತದೆ. ಗಾಳಿಗೂ ಮೀಟರು ತಿರುಗುತ್ತದೆ. ಅದು ತಿರುಗಿದ್ದನ್ನು ಮೆಲ್ಚೋರ್ ಬರೆದುಕೊಳ್ಳುತ್ತಾನೆ, ಕಚೇರಿ ಬಿಲ್ಲು ಕಳಿಸುತ್ತದೆ, ಜನ ದುಡ್ಡು ಕೊಟ್ಟು ಗಾಳಿ ಕುಡಿಯುತ್ತಾರೆ. ಕಚೇರಿ ಊರ ಆ ತುದಿಯಲ್ಲಿದೆ, ಅದಕ್ಕೆ ಕಾವಲುಗಾರನಿದ್ದಾನೆ. ಮೆಲ್ಚೋರ್ ಮಾತ್ರ ಕೈಗೆ ಸಿಗುತ್ತಾನೆ. ಹೀಗಾಗಿ ಗುಡ್ಡದ ಸಿಟ್ಟೆಲ್ಲ ಅವನಿಗೇ ಮೀಸಲು.

ಸಿಟ್ಟು ಅವನಿಗೆ ಅಭ್ಯಾಸವಾಗಿತ್ತು. ಹಸಿವಾದ ಬೂಟು ಎಂಬ ಮಾತು ಮಾತ್ರ ಅವನಿಗಿಂತ ಮೊದಲು ಮೆಟ್ಟಿಲು ಹತ್ತಿತು. ಮುನ್ನೂರನೇ ಮೆಟ್ಟಿಲು ತಲುಪುವ ಹೊತ್ತಿಗೆ ಅಲ್ಲೊಬ್ಬಳು ಮುದುಕಿ ಬಾಗಿಲಲ್ಲಿ ಅನ್ನದ ತಟ್ಟೆ ಹಿಡಿದು ಕಾಯುತ್ತಿದ್ದಳು. "ನಿನಗಲ್ಲಪ್ಪ, ಅದಕ್ಕೆ" ಎಂದಳು.

ಡಿಸೆಂಬರಿನಲ್ಲಿ ಹದಿಮೂರನೇ ಸಂಬಳ, ಅಂದರೆ ವರ್ಷಕ್ಕೊಮ್ಮೆ ಕೊಡುವ ಹೆಚ್ಚುವರಿ ತಿಂಗಳ ಸಂಬಳ, ಬಂತು. ಅದು ಎಲ್ಲಿಗೆ ಹೋಗಬೇಕೆಂಬುದನ್ನು ದಿಗ್ನ ಮಾರ್ಚಿನಲ್ಲೇ ನಿಶ್ಚಯಿಸಿದ್ದಳು: ನಾಲ್ಕು ಉರಿಯ ಗ್ಯಾಸ್ ಒಲೆ. ಮನೆಯಲ್ಲಿದ್ದದ್ದು ಎರಡು ಉರಿಯದು, ಅದರಲ್ಲೊಂದು ಸತ್ತು ಎರಡು ವರ್ಷವಾಗಿತ್ತು. ಮೆಲ್ಚೋರ್ ದುಡ್ಡನ್ನು ಅಂಗಿಯ ಜೇಬಿನಲ್ಲಿಟ್ಟು ಒಲೆಯ ಅಂಗಡಿಯ ಕಡೆಗೇ ಹೊರಟ. ಪ್ರಾಮಾಣಿಕವಾಗಿ ಹೊರಟ. ದಾರಿಯಲ್ಲಿ ದಾರ ಹರಿಯಿತು. ಹರಿದದ್ದು ಸರಿಯಾಗಿ ಬೂಟು ಹೊಲಿಯುವ ಮುದುಕ ಅರಿಸ್ತಿದೆಸನ ಅಂಗಡಿಯ ಮುಂದೆ. ಮುಂದೆ ನಡೆದದ್ದಕ್ಕೆ ದಾರವೇ ಹೊಣೆ.

"ಎಷ್ಟು?" ಎಂದು ಗಾಜಿನೊಳಗಿನ ಕಪ್ಪು ಬೂಟು ತೋರಿಸಿ ಕೇಳಿದ.

"ತೊಂಬತ್ತೈದು."

"ಎರಡಕ್ಕೂ ಸೇರಿಸಿಯಾ?"

"ಇಲ್ಲ. ಎಡಗಾಲಿಂದು ತೊಂಬತ್ತೈದು. ಬಲಗಾಲಿಂದು ಪುಕ್ಕಟೆ."

"ಬಂದರಿನ ಸಂತೇಲಿ ಹದಿನಾಲ್ಕಕ್ಕೆ ಸಿಗುತ್ತೆ."

"ಸಿಗುತ್ತಪ್ಪ. ಗೋಂದು ಹಚ್ಚಿ ಅಂಟಿಸಿದ್ದು ಬೂಟಲ್ಲ, ಲಕೋಟೆ. ನಿನ್ನನ್ನ ಎಲ್ಲಿಗೆ ಪೋಸ್ಟ್ ಮಾಡ್ತಿದಾರೆ ಅಂತ ಕೇಳ್ಕೊಂಡ್ಯಾ? ಕೂತ್ಕೋ. ಕಾಲು ಕೊಡು."

ಮುದುಕ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ವೈದ್ಯರು ನೋಡಿ ಕೊನೆಗೆ ಮನೆಯವರನ್ನು ಹೊರಗೆ ಕರೆಯುತ್ತಾರಲ್ಲ, ಹಾಗೆ ನೋಡಿದ.

"ವಯಸ್ಸೆಷ್ಟು?"

"ನಲವತ್ತಾರು."

"ಕಾಲಿಗೆ ಎಪ್ಪತ್ತಾಗಿದೆ. ನೀನು ಎಪ್ಪತ್ತಕ್ಕೆ ಬರೋ ಹೊತ್ತಿಗೆ ಈ ಕಾಲು ಹೋಗಿರುತ್ತೆ. ಲೆಕ್ಕ ಹಾಕಬೇಡ, ಲೆಕ್ಕ ಹಾಕೋರು ಬರಿಗಾಲಲ್ಲೇ ಸಾಯ್ತಾರೆ. ಈ ಬೂಟನ್ನ ದಾರದಲ್ಲಿ ಹೊಲಿದಿದೀನಿ. ಅಟ್ಟೆ ಸವೆದರೆ ತಾ, ಬೇರೆ ಹಾಕಿಕೊಡ್ತೀನಿ. ಹತ್ತು ವರ್ಷ ಹೊಸ ಬೂಟು ಅನ್ನೋ ಮಾತೆತ್ತೋ ಹಾಗಿಲ್ಲ."

ಹತ್ತು ವರ್ಷ ಯಾವ ಮಾತೂ ಎತ್ತಬೇಕಾಗಿಲ್ಲ ಎಂಬುದೇ ಮೆಲ್ಚೋರನಿಗೆ ಬಹಳ ಹಿಡಿಸಿತು. ಕೊಟ್ಟುಬಿಟ್ಟ. ಮುದುಕ ಒಂದು ಡಬ್ಬಿ ಕೊಬ್ಬು ಕೊಟ್ಟು, "ದಿನಾ ಸವರಿಡು. ಹೊಸ ವರ್ಷದ ದಿನ ಕಾಲಿಗೆ ಹಾಕು, ಅದಕ್ಕೆ ಮೊದಲು ಬೇಡ" ಎಂದ.

ಮನೆಗೆ ಬರುವ ನಾನೂರು ಮೆಟ್ಟಿಲಿನಲ್ಲಿ ಮೆಲ್ಚೋರ್ ಒಂದು ಸುಳ್ಳನ್ನು ಸಿದ್ಧಮಾಡಿದ. ಅಭ್ಯಾಸವಿಲ್ಲದವನ ಸುಳ್ಳು, ಅದಕ್ಕೂ ಹೊಲಿಗೆ ಇರಲಿಲ್ಲ. ಬೂಟಿನ ರಟ್ಟಿನ ಡಬ್ಬ ಎಸೆದು ಬೂಟನ್ನು ಸಂತೆಯ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ.

"ಅರ್ಧ ಹಿಡ್ಕೊಂಡ್ರು ಕಣೇ. ವಿಮೆಗಂತೆ" ಎಂದು ಉಳಿದ ದುಡ್ಡು ಮೇಜಿನ ಮೇಲಿಟ್ಟ.

ದಿಗ್ನ ವಿಮೆಗೂ, ಕಚೇರಿಗೂ, ಸರಕಾರಕ್ಕೂ ಒಂದೊಂದು ಶಾಪ ಹಾಕಿದಳು. ಮೆಲ್ಚೋರ್ ಮೂರಕ್ಕೂ ತಲೆಯಾಡಿಸಿದ. ಆಮೇಲೆ ಅವಳು ಚೀಲ ನೋಡಿದಳು.

"ಇದು?"

"ಬೂಟು. ಸಂತೇದು. ಹದಿನಾಲ್ಕು."

ಅವಳು ಹೆಬ್ಬೆರಳಿನಿಂದ ಚರ್ಮ ಒತ್ತಿ ನೋಡಿದಳು. "ಹದಿನಾಲ್ಕಕ್ಕೆ ಇಷ್ಟು ಚೆನ್ನಾಗಿದ್ಯಾ?"

"ಕ್ರಿಸ್ಮಸ್ ರಿಯಾಯಿತಿ."

"ಮತ್ತೆ ನನಗೊಂದು ಜೊತೆ ತರಬಾರದಿತ್ತಾ?"

"ನಿನ್ನ ಅಳತೇದು ಮುಗಿದುಹೋಗಿತ್ತು."

ಇದು ಎರಡನೇ ಸುಳ್ಳು. ಮೊದಲನೆಯದಕ್ಕಿಂತ ಸುಲಭವಾಗಿ ಬಂತು.

ಈಗ ಹಳೇ ವರ್ಷದ ಬೊಂಬೆಯ ವಿಚಾರ. ಡಿಸೆಂಬರ್ ಮೂವತ್ತೊಂದಕ್ಕೆ ಪ್ರತಿ ಬೀದಿಯೂ ಹಳೆಯ ಅಂಗಿ ಚಡ್ಡಿಗೆ ಮರದ ಹೊಟ್ಟು, ಪಟಾಕಿ ತುಂಬಿ ಒಂದು ಗಂಡಸು ಬೊಂಬೆ ಮಾಡಿ ಕೂರಿಸುತ್ತದೆ. ಮಧ್ಯಾಹ್ನ ಅದರ ಉಯಿಲು ಓದುತ್ತಾರೆ, ವರ್ಷ ಮುಗಿಯುವಾಗ ಸುಡುತ್ತಾರೆ. ಆ ವರ್ಷ ಯಾರು ಜನರ ಹೊಟ್ಟೆ ಹೆಚ್ಚು ಉರಿಸಿದರೋ ಅವರದೇ ಮುಖ. ಹೋದ ವರ್ಷ ನಮ್ಮ ಗುಡ್ಡದವರು ಒಬ್ಬ ಮಂತ್ರಿಯನ್ನು ಸುಟ್ಟಿದ್ದರು. ಅದಕ್ಕೆ ಮೊದಲು ಫುಟ್‌ಬಾಲ್ ತರಬೇತುದಾರನನ್ನು. ಈ ವರ್ಷ ಸಮಿತಿ ಸಭೆ ಸೇರಿ, ಐದು ನಿಮಿಷವೂ ಚರ್ಚೆಯಿಲ್ಲದೆ, ನೀರಿನ ಮೀಟರಿನವನೆಂದು ನಿರ್ಧರಿಸಿತು.

ದಿಗ್ನ ಇದನ್ನು ಗೌರವವೆಂದೇ ತೆಗೆದುಕೊಂಡಳು. "ಮಂತ್ರಿ ಆದ ಮೇಲೆ ನೀನು. ಬೇಜಾರು ಯಾಕೆ ಮಾಡ್ಕೋತೀಯ?"

"ಮಾಡ್ಕೊಂಡಿಲ್ಲ. ಸುಸ್ತಾಗಿದೆ."

ಬೊಂಬೆ ಹೊಲಿಯುವ ಕೆಲಸ ಪ್ರತಿ ವರ್ಷವೂ ದಿಗ್ನಳದೇ. ಹಳೆಯ ನೀಲಿ ಸಮವಸ್ತ್ರ ಕೊಟ್ಟಳು, ಟೋಪಿ ಕೊಟ್ಟಳು, ಅಂಗಡಿಯ ಎದುರಿನ ಕಟ್ಟೆಯಲ್ಲಿ ಕೂತು ಮೀಸೆಯನ್ನು ಪೊರಕೆ ಕಡ್ಡಿಯಲ್ಲಿ ಮಾಡಿದಳು. ಆಗ ತರ್ಹೇಲಿಯ ತನ್ನ ಅಂಗಡಿಯಿಂದಲೇ ಕೂಗಿ ಹೇಳಿದಳು: "ಬೂಟು ಮರೀಬೇಡ ಕಣೇ! ಆ ಬಾಯಿಬಿಟ್ಟಿದ್ದೇ ಬೇಕು. ಅದಿಲ್ದಿದ್ರೆ ನಿನ್ನ ಗಂಡ ಅಂತ ಯಾರಿಗೂ ಗೊತ್ತಾಗಲ್ಲ!"

ಸಾಲಿನಲ್ಲಿದ್ದವರು ಮತ್ತೆ ನಕ್ಕರು. ದಿಗ್ನ ಸೂಜಿ ಬಾಯಲ್ಲಿ ಕಚ್ಚಿಕೊಂಡು ಸುಮ್ಮನಿದ್ದಳು. ಅವಳು ಸುಮ್ಮನಿದ್ದಾಗ ಏನೋ ನಡೆಯುತ್ತದೆ ಎಂದು ಮೆಲ್ಚೋರನಿಗೆ ಗೊತ್ತಿತ್ತು, ಆದರೆ ಅವನು ಆಗ ಮುನ್ನೂರ ಹತ್ತನೇ ಮೆಟ್ಟಿಲಿನಲ್ಲಿ ಗಾಳಿ ಬರೆದುಕೊಳ್ಳುತ್ತಿದ್ದ.

ಮೂವತ್ತೊಂದರಂದು ಅರ್ಧ ದಿನದ ಕೆಲಸ. ಮಧ್ಯಾಹ್ನ ಮನೆಗೆ ಬಂದು, ಮುದುಕ ಹೇಳಿದಂತೆ ಕೊಬ್ಬು ಸವರೋಣವೆಂದು ಮಂಚದ ಕೆಳಗೆ ಕೈ ಹಾಕಿದ. ಚೀಲ ಸಿಕ್ಕಿತು. ಚೀಲದೊಳಗೆ ಚೀಲದ ಇನ್ನೊಂದು ಬದಿ ಸಿಕ್ಕಿತು.

"ದಿಗ್ನ, ಬೂಟೆಲ್ಲಿ?"

"ಬೊಂಬೆಗೆ ಹಾಕ್ದೆ."

"ಯಾವ ಬೂಟು?"

"ಹೊಸದು." ಅವಳು ಈರುಳ್ಳಿ ಹೆಚ್ಚುತ್ತಲೇ ಹೇಳಿದಳು. "ಇಡೀ ಗುಡ್ಡ ನೋಡಲಿ. ನನ್ನ ಗಂಡ ಬಾಯಿಬಿಟ್ಟ ಬೂಟಲ್ಲಿ ಸುಟ್ಟುಹೋದ ಅಂತ ಆ ತರ್ಹೇಲಿಯ ವರ್ಷಪೂರ್ತಿ ಆಡ್ಕೋಬೇಕಾ? ಹದಿನಾಲ್ಕು ಡಾಲರಿಗೆ ಮಾನ ಉಳಿಯುತ್ತೆ ಅಂದ್ರೆ ಅಗ್ಗಾನೇ. ನಾಡಿದ್ದು ಸಂತೆಗೆ ಹೋಗಿ ಇನ್ನೊಂದು ಜೊತೆ ತಂದ್ಕೋ."

ಮೆಲ್ಚೋರ್ ಬಾಯಿ ತೆರೆದ. ತೊಂಬತ್ತೈದು ಎಂಬ ಮಾತು ನಾಲಿಗೆಯ ತುದಿಗೆ ಬಂದು, ಒಲೆಯ ಮೇಲಿದ್ದ ಒಂದೇ ಉರಿಯನ್ನು ನೋಡಿ ವಾಪಸ್ಸು ಹೋಯಿತು.

"ಭದ್ರವಾಗಿ ಕಟ್ಟಿದೀಯಾ?" ಎಂದಷ್ಟೇ ಕೇಳಿದ.

"ತಂತಿಯಲ್ಲಿ. ಎಡಗಾಲಲ್ಲಿ ಎರಡು ಪಟಾಕಿ ಇಟ್ಟಿದೀನಿ. ಬಲಗಾಲಲ್ಲಿ ಮೂರು."

ಅವನು ಇಕ್ಕಳ ತೆಗೆದುಕೊಂಡು ಓಡಿದ.

ಬೊಂಬೆಯನ್ನು ಅಂಗಡಿಯ ಎದುರಿನ ಕಟ್ಟೆಯ ಮೇಲೆ ಮುರಿದ ಕುರ್ಚಿಯಲ್ಲಿ ಕೂರಿಸಿದ್ದರು. ಕಾಲಿನ ಮೇಲೆ ಕಾಲು ಹಾಕಿ, ಕೈಯಲ್ಲಿ ಪೆನ್ಸಿಲು ಹಿಡಿದು, ಅದು ಮೆಲ್ಚೋರನಿಗಿಂತ ಎಷ್ಟೋ ಆರಾಮಾಗಿತ್ತು. ಬೂಟುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಮೆಲ್ಚೋರ್ ಪಕ್ಕದಲ್ಲಿ ಕೂತು, ಬೆನ್ನ ಹಿಂದಿನಿಂದ ಕೈಯಿಳಿಸಿ, ತಂತಿಗೆ ಇಕ್ಕಳ ಹಾಕಿದ.

"ಅಯ್ಯೋ, ಅಲ್ಲೇ ಇರಿ! ಅಲ್ಲಾಡಬೇಡಿ!" ಎಂದು ಯಾರೋ ಕೂಗಿದರು. ಅವರಿಗೆ ಫೋಟೋ ಬೇಕಿತ್ತು. ಅವರಾದ ಮೇಲೆ ಇನ್ನೊಬ್ಬರಿಗೆ ಬೇಕಾಯಿತು. ಕೆಳಗಿನ ಬೀದಿಯಿಂದ ಸಂಸಾರಗಳೇ ಬಂದವು. ಯಾವುದು ಬೊಂಬೆ, ಯಾವುದು ಮೆಲ್ಚೋರ್ ಎಂಬ ಪ್ರಶ್ನೆಗೆ ಮಕ್ಕಳಿಗೆ ಬಹುಮಾನವಿತ್ತು. ಒಂದೂವರೆ ಗಂಟೆ ಅವನು ಹಾಗೇ ಕೂತ. ಒಬ್ಬಳು ಹುಡುಗಿ ಮಾತ್ರ ತಪ್ಪು ಹೇಳಿದಳು. ಅವಳ ತಪ್ಪನ್ನು ಯಾರಿಗೂ ಸುಲಭವಾಗಿ ಅಲ್ಲಗಳೆಯಲಾಗಲಿಲ್ಲ.

ಮೂರು ಗಂಟೆಗೆ ಉಯಿಲು. ಈ ಸಲದ ಮುಖ್ಯ ಅತಿಥಿ ನೀರಿನ ಕಚೇರಿಯ ಎಂಜಿನಿಯರ್ ಬುರ್ಗೋಸ್. ಅವರು ಮೆಲ್ಚೋರನ ಮೇಲಧಿಕಾರಿ. ಸಮಿತಿ ಅವರನ್ನು ಕರೆದದ್ದು ಸಾರ್ವಜನಿಕವಾಗಿ ನಾಚಿಸಲಿಕ್ಕೆ. ಅವರು ಬಂದದ್ದು ಮೀನಿನ ಸಾರು, ಹುರಿದ ಹಂದಿಮಾಂಸ ಇದೆಯೆಂದು. ಎರಡನೇ ಬಟ್ಟಲು ಮುಗಿಸುತ್ತಿದ್ದಾಗ ತರ್ಹೇಲಿಯ ಕನ್ನಡಕ ಹಾಕಿಕೊಂಡು ಕಾಗದ ಬಿಡಿಸಿದಳು.

"ನಾನು, ಮೆಲ್ಚೋರ್ ಟೊಮಲಾ, ಗಾಳಿಯನ್ನು ನೀರೆಂದು ಬರೆದ ಮಹಾಪುರುಷ, ಸಾಯುವ ಮುಂಚೆ ನನ್ನ ಆಸ್ತಿ ಹಂಚುತ್ತಿದ್ದೇನೆ! ನನ್ನ ಪೆನ್ಸಿಲು ಕಚೇರಿಗೆ, ಯಾಕೆಂದರೆ ಅದೂ ಸುಳ್ಳು ಕಲಿತಿದೆ! ನನ್ನ ಬೆವರು ತರ್ಹೇಲಿಯಳ ಟ್ಯಾಂಕಿಗೆ, ಅಷ್ಟಾದರೂ ನೀರು ಬರಲಿ!" ಜನ ಕುಣಿದರು. "ಮತ್ತೆ, ಬಾಯಿ ಬಿಟ್ಟ ನನ್ನ ಬೂಟು ಗುಡ್ಡದ ನಾಯಿಗಳಿಗೆ..."

"ಎಲ್ಲಿದೆ ಬಾಯಿ?" ಎಂದಳು ದಿಗ್ನ. ಜೋರಾಗಿಯೇ ಎಂದಳು. ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಕನ್ನಡಕ ಒರೆಸ್ಕೊಂಡು ನೋಡಮ್ಮ ದೊನ್ಯ ತರ್ಹೇಲಿಯ. ಬಾಯಿ ಎಲ್ಲಿದೆ ತೋರಿಸು."

ಎಲ್ಲರೂ ಬೊಂಬೆಯ ಕಾಲು ನೋಡಿದರು. ತರ್ಹೇಲಿಯ ಕಾಗದ ನೋಡಿದಳು, ಕಾಲು ನೋಡಿದಳು, ಮತ್ತೆ ಕಾಗದ ನೋಡಿದಳು. ಉಯಿಲಿಗೂ ಸತ್ತವನಿಗೂ ಹೊಂದಿಕೆಯಾಗುತ್ತಿರಲಿಲ್ಲ. ಆಯುಷ್ಯದಲ್ಲಿ ಮೊದಲ ಸಲ ಅವಳಿಗೆ ಮಾತು ಸಿಗಲಿಲ್ಲ. ದಿಗ್ನಳ ಮುಖದಲ್ಲಿ ಹದಿನಾಲ್ಕು ಡಾಲರಿನ ತೃಪ್ತಿ ಅರಳಿತು. ಅಲ್ಲಿಗೆ ನಿಂತಿದ್ದರೆ ಎಷ್ಟೋ ಚೆನ್ನಾಗಿತ್ತು.

ಆದರೆ ಅಲ್ಲಿ ತಿಯೊಫಿಲೊ ಇದ್ದ. ಮೆಲ್ಚೋರನ ಮಗಳ ಜ್ಞಾನಸ್ನಾನಕ್ಕೆ ಮಗುವನ್ನು ಎತ್ತಿಕೊಂಡಿದ್ದ ಕಂಪಾದ್ರೆ ಅವನು. ಒಡಹುಟ್ಟಿದವನಿಗಿಂತ ಹತ್ತಿರದವನು, ಆದ್ದರಿಂದ ಹೆಚ್ಚು ಅಪಾಯಕಾರಿ. ಮೂವತ್ತು ವರ್ಷ ದೊಡ್ಡ ಹೋಟೆಲಿನ ಬಾಗಿಲಲ್ಲಿ ಗಿರಾಕಿಗಳ ಬೂಟು ಹೊಳಪಿಸಿದ್ದ. ಬೊಂಬೆಯ ಕಾಲನ್ನು ಎತ್ತಿ ಅಟ್ಟೆ ತಿರುವಿ ನೋಡಿದ. ಟೋಪಿ ತೆಗೆದ.

"ಇದು ಅರಿಸ್ತಿದೆಸನ ಹೊಲಿಗೆ. ನ್ಯಾಯಾಧೀಶರು ಹಾಕ್ಕೊಳ್ಳೋ ಬೂಟು ಕಂಪಾದ್ರೆ ಇದು! ತೊಂಬತ್ತಕ್ಕೆ ಒಂದು ಕಾಸು ಕಡಿಮೆ ಇಲ್ಲ."

ಪ್ರೀತಿಯಿಂದ, ಹೆಮ್ಮೆಯಿಂದ ಹೇಳಿದ. ಇಡೀ ಗುಡ್ಡ ಯೋಚಿಸುವುದು ಕೇಳಿಸುತ್ತಿತ್ತು.

"ಮೀಟರಿನವನಿಗೆ ತೊಂಬತ್ತು ಡಾಲರಿನ ಬೂಟು" ಎಂದಳು ತರ್ಹೇಲಿಯ. ಅವಳ ಮಾತು ವಾಪಸ್ಸು ಬಂದಿತ್ತು. "ಈಗ ಗೊತ್ತಾಯ್ತು ನಮ್ಮ ಬಿಲ್ಲು ಎಲ್ಲಿಗೆ ಹೋಗ್ತಿತ್ತು ಅಂತ."

"ಲಂಚ!" ಎಂದಿತು ಹಿಂದಿನಿಂದ ಒಂದು ದನಿ.

"ಆ ಎಡ ಹಿಮ್ಮಡಿ ನಂದು! ಜುಲೈ ತಿಂಗಳಿನ ಬಿಲ್ಲು!"

"ಬಲಗಾಲಿನ ಮೂತಿ ನಂದು ಕಣ್ರೀ. ಬರೀ ಗಾಳಿಗೆ ಇಪ್ಪತ್ತೆರಡು ಡಾಲರ್ ಕಟ್ಟಿದೀನಿ!"

"ಲೇಸು ನಂದು" ಎಂದಳು ಮುನ್ನೂರನೇ ಮೆಟ್ಟಿಲಿನ ಮುದುಕಿ. ಅವಳ ಮನೆಯಲ್ಲಿ ನಲ್ಲಿಯೇ ಇರಲಿಲ್ಲ.

ಐದು ನಿಮಿಷದಲ್ಲಿ ಬೂಟಿನ ಹಂಚಿಕೆ ಪೂರ್ತಿಯಾಯಿತು. ಅಟ್ಟೆಗೆ ಮೂವರು ವಾರಸುದಾರರು ಬಡಿದಾಡಿಕೊಂಡರು. ಎಂಜಿನಿಯರ್ ಬುರ್ಗೋಸ್ ಬಟ್ಟಲು ಕೆಳಗಿಟ್ಟು ತುಟಿ ಒರೆಸಿಕೊಂಡರು. ಅಧಿಕಾರಿಗಳು ತುಟಿ ಒರೆಸಿಕೊಂಡರೆ ಯಾರದೋ ಕೆಲಸ ಹೋಗುತ್ತದೆ.

"ಟೊಮಲಾ, ಇದೇನು?"

"ಹದಿನಾಲ್ಕು ಸಾರ್. ಸಂತೇದು" ಎಂದ ಮೆಲ್ಚೋರ್.

"ಹಾಗಿದ್ರೆ ಸುಟ್ಟುಹಾಕಿ ಬಿಡ್ಲಿ" ಎಂದಳು ತರ್ಹೇಲಿಯ ಮೃದುವಾಗಿ. "ಹದಿನಾಲ್ಕು ತಾನೆ? ಈಗಲೇ ಹಚ್ಚೋಣ. ರಾತ್ರಿವರೆಗೂ ಯಾಕೆ ಕಾಯೋದು? ಬೆಂಕಿಕಡ್ಡಿ ಯಾರ ಹತ್ರ ಇದೆ?"

ಆರು ಬೆಂಕಿಪೊಟ್ಟಣ ಮುಂದೆ ಬಂದವು. ದಿಗ್ನಳೂ, "ಹಚ್ಚಲಿ ಬಿಡು ಮಾರಾಯ, ಹದಿನಾಲ್ಕು ಡಾಲರಿಗೆ ಕಳ್ಳ ಅನ್ನಿಸ್ಕೋಬೇಕಾ? ಇನ್ನೊಂದು ಜೊತೆ ತರೋಣ" ಎಂದಳು. ತರ್ಹೇಲಿಯ ಕಡ್ಡಿ ಗೀರಿದಳು. ಕಡ್ಡಿ ಬೂಟಿನ ಕಡೆ ಬಗ್ಗಿತು.

"ತೊಂಬತ್ತೈದು!" ಎಂದು ಮೆಲ್ಚೋರ್ ಕಿರುಚಿ ಬೊಂಬೆಯ ಕಾಲಿನ ಮೇಲೆ ಬಿದ್ದ. "ತೊಂಬತ್ತೈದು ಕೊಟ್ಟಿದೀನಿ! ಲಂಚ ಅಲ್ಲ, ನನ್ನ ಹದಿಮೂರನೇ ಸಂಬಳ! ಸಾರ್, ನೀವೇ ಪೂರ್ತಿ ಕೈಗೆ ಕೊಟ್ರಲ್ಲ ಸಾರ್, ಹೇಳಿ!"

"ಕೊಟ್ಟಿದ್ದೇನೆ" ಎಂದರು ಎಂಜಿನಿಯರು. "ಪೂರ್ತಿ ಕೊಟ್ಟಿದ್ದೇನೆ. ಸಹಿ ಇದೆ."

"ಪೂರ್ತಿ?" ಎಂದಳು ದಿಗ್ನ.

ಕಡ್ಡಿ ತರ್ಹೇಲಿಯಳ ಬೆರಳು ಸುಟ್ಟು ಆರಿತು. ಅವಳು ಕಿರುಚಲೂ ಇಲ್ಲ. ಮುಂದೆ ಏನಾಗುವುದೋ ತಪ್ಪಿಹೋದೀತೆಂದು.

ಗುಡ್ಡಕ್ಕೆ ದೊಡ್ಡ ನಿರಾಸೆಯಾಯಿತು. ಕಳ್ಳನೆಂದರೆ ಒಂದು ತೂಕವಿರುತ್ತದೆ, ಹೇಳಿಕೊಳ್ಳಲು ಒಂದು ಕತೆಯಿರುತ್ತದೆ. ಸ್ವಂತ ಸಂಬಳದಲ್ಲಿ ಬೂಟು ಕೊಂಡವನನ್ನು ಇಟ್ಟುಕೊಂಡು ಏನು ಮಾಡುವುದು? ಹಿಮ್ಮಡಿಯ ವಾರಸುದಾರ ಸದ್ದಿಲ್ಲದೆ ಹಂದಿಮಾಂಸದ ಕಡೆಗೆ ಸರಿದ. "ಲೇಸಾದ್ರೂ ಕೊಡ್ತಾನಾ ಕೇಳಿ" ಎಂದಳು ಮುದುಕಿ.

"ಕಳ್ಳನಾಗಿದ್ರೆ ಒಪ್ತಿದ್ದೆ" ಎಂದಳು ತರ್ಹೇಲಿಯ, ಬೆರಳನ್ನು ಬಾಯಲ್ಲಿಟ್ಟುಕೊಂಡೇ. "ಕಾಲಿಗೆ ತೊಂಬತ್ತೈದು! ತಲೆಗೆ ಯಾರಾದ್ರೂ ಇಷ್ಟು ಖರ್ಚು ಮಾಡಿದ್ರೆ ಪಾಪ ಅನ್ನಬಹುದಿತ್ತು. ಇವನು ಬರೀ ದಡ್ಡ ಕಣ್ರಪ್ಪ."

ಮೆಲ್ಚೋರ್ ಇಕ್ಕಳದಿಂದ ತಂತಿ ಕತ್ತರಿಸಿದ. ಎಡ ಬೂಟಿನಿಂದ ಎರಡು ಪಟಾಕಿ ತೆಗೆದ, ಬಲದ್ದರಿಂದ ಮೂರು. ಹೊಟ್ಟು ಕೊಡವಿದ.

"ಬರಿಗಾಲಲ್ಲಿ ಸುಟ್ರೆ ಹೊಸ ವರ್ಷಕ್ಕೆ ದರಿದ್ರ" ಎಂದು ಸಮಿತಿಯ ಯಾರೋ ಆಕ್ಷೇಪವೆತ್ತಿದರು. ಮೆಲ್ಚೋರ್ ಕಾಲಿನಲ್ಲಿದ್ದ ಹಳೆಯ ಬೂಟು ಕಳಚಿ, ದಾರದ ಸಮೇತ ಬೊಂಬೆಗೆ ತೊಡಿಸಿದ. ಈಗ ಉಯಿಲು ಸರಿಹೋಯಿತು. ತರ್ಹೇಲಿಯ ಕಾಗದದ ಮೇಲೆ ಬೆರಳಿಟ್ಟು ನಿಲ್ಲಿಸಿದ ಜಾಗ ಹುಡುಕತೊಡಗಿದಳು.

ಎಂಜಿನಿಯರ್ ಬುರ್ಗೋಸ್ ಬಗ್ಗಿ ಹೊಲಿಗೆಯನ್ನು ಬಹಳ ಮೆಚ್ಚುಗೆಯಿಂದ ಪರೀಕ್ಷಿಸಿದರು. "ಒಳ್ಳೆ ಬೂಟು ಟೊಮಲಾ. ಇಂಥದ್ದಿದ್ರೆ ಆ ಪಕ್ಕದ ಗುಡ್ಡವೂ ನಿನಗೆ ಏನು ಮಹಾ? ಅಲ್ಲಿಯವನು ಮೊಣಕಾಲು ನೋವು ಅಂತ ಬಿಟ್ಟುಹೋಗಿದಾನೆ. ಜನವರಿಯಿಂದ ಎರಡೂ ನೀನೇ ನೋಡ್ಕೋ. ಸಂಬಳ ಅದೇ." ಹೀಗೆ ಹೇಳಿ ಅವನ ಭುಜ ತಟ್ಟಿ ಮೂರನೇ ಬಟ್ಟಲಿಗೆ ಹೋದರು.

ಮೆಲ್ಚೋರ್ ಕಟ್ಟೆಯ ಮೇಲೆ ಕೂತು ಬೂಟಿಗೆ ಕಾಲು ಹಾಕಿದ. ಮೊದಲ ಸಲ ಹಾಕುತ್ತಿದ್ದ. ಲೇಸು ಕಟ್ಟಿದ. ತಲೆಯೆತ್ತಿದಾಗ ದಿಗ್ನ ಎದುರಿಗೆ ನಿಂತಿದ್ದಳು.

ಅವಳು ಕೂಗಾಡಲಿಲ್ಲ. "ನಿನ್ನ ಕಾಲು ನೋಯುತ್ತೆ. ಗೊತ್ತು" ಎಂದಳು. "ದಿನಾ ಬಿಸಿನೀರು ಕಾಯಿಸಿ ಕೊಡೋಳು ನಾನೇ ತಾನೆ. ಅದನ್ನ ಒಂದೇ ಉರೀಲಿ ಕಾಯಿಸ್ತೀನಿ. ಅದಿಳಿಸಿ ಅನ್ನ. ಅದಿಳಿಸಿ ಸಾರು. ಬೆಳಗ್ಗೆ ನಾಲ್ಕಕ್ಕೆ ಏಳ್ತೀನಿ. ನಿನ್ನ ಕಾಲಿಗೆ ತೊಂಬತ್ತೈದು ಆಯ್ತು. ಸರಿ. ನನ್ನ ಕೈಗೆ ಎಷ್ಟು ಹೇಳು."

ಜನ ಹತ್ತಿರ ಸರಿದರು.

"ಹೇಳು. ಎಲ್ಲರ ಮುಂದೇನೇ ಹೇಳು. ನನ್ನ ಕೈ ಎಷ್ಟು ಬಾಳುತ್ತೆ?"

"ಹೇಳೋ ದಡ್ಡ!" ಎಂದಳು ತರ್ಹೇಲಿಯ.

ಮೆಲ್ಚೋರ್ ಎದ್ದ. ಹೆಂಡತಿಯ ಕೈ ನೋಡಿದ, ಜನರನ್ನು ನೋಡಿದ, ತಿರುಗಿ ಮೆಟ್ಟಿಲು ಇಳಿಯತೊಡಗಿದ. ಹಿಂದಿನಿಂದ ಉಯಿಲು ಮುಂದುವರಿಯಿತು, ನಗು ಕೇಳಿಸಿತು, "ಮೆಲ್ಚೋರ್!" ಎಂದು ದಿಗ್ನ ಒಮ್ಮೆ ಕೂಗಿದ್ದೂ ಕೇಳಿಸಿತು.

ಅವನು ಹೀಗೆ ಇಳಿದು ಹೋಗುವುದು ಹೊಸದೇನಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷಗಳಲ್ಲಿ ಪ್ರತಿ ದೊಡ್ಡ ಜಗಳಕ್ಕೂ ಇಳಿದು ಹೋಗಿದ್ದ. ಪ್ರತಿ ಸಲವೂ ಎಪ್ಪತ್ತು ಮೆಟ್ಟಿಲಿಳಿಯುವಷ್ಟರಲ್ಲಿ ಹಿಮ್ಮಡಿ ಉರಿಯುತ್ತಿತ್ತು. ಕೂರುತ್ತಿದ್ದ. ಕೂತವನಿಗೆ ನಿಧಾನವಾಗಿ ಬುದ್ಧಿ ಬರುತ್ತಿತ್ತು. ಎದ್ದು, ಕುಂಟುತ್ತ ಹತ್ತಿ ಹೋಗಿ, ತಪ್ಪಾಯಿತು ಎನ್ನುತ್ತಿದ್ದ. ಗೋಂದಿನ ಬೂಟುಗಳು ಆ ಸಂಸಾರವನ್ನು ಹತ್ತೊಂಬತ್ತು ವರ್ಷ ಹಾಗೆ ಕಾಪಾಡಿಕೊಂಡು ಬಂದಿದ್ದವು.

ಕಟ್ಟೆಯಿಂದ ಇಳಿದ ಎಪ್ಪತ್ತನೇ ಮೆಟ್ಟಿಲು ಬಂತು. ಮೆಲ್ಚೋರ್ ನಿಂತ. ಗೋಡೆ ಹಿಡಿದುಕೊಂಡು ನೋವಿಗಾಗಿ ಸ್ವಲ್ಪ ಹೊತ್ತು ಕಾದ. ಹಿಮ್ಮಡಿ ಸುಮ್ಮನಿತ್ತು. ಬೆರಳುಗಳು ಸುಮ್ಮನಿದ್ದವು. ಇನ್ನೂ ಸ್ವಲ್ಪ ಕಾದ.

ಬರಲಿಲ್ಲ. ಎಪ್ಪತ್ತೊಂದನೇ ಮೆಟ್ಟಿಲಿಗೆ ಕಾಲಿಟ್ಟ.